ಹದಿನೆಂಟು ತುಂಬಿತೆಂದು ಓದು ಮುಗಿಯುವುದಿಲ್ಲ

ಜರ್ಮನಿಯ ಕಾಗದಪತ್ರಗಳ ಕಾಟಕ್ಕೆ ಶಾಪ ಹಾಕದ ಕನ್ನಡಿಗರು ಇಲ್ಲಿ ಸಿಗುವುದಿಲ್ಲ, ನಾನೂ ಹಾಕುತ್ತೇನೆ. ಆದರೆ ಒಂದು ಕಾಗದದ ಬಗ್ಗೆ ನನ್ನ ತಕರಾರಿಲ್ಲ.

ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳಿಗೆ ಇಲ್ಲಿ ಸಾರ್ವಜನಿಕ ಪಿಂಚಣಿ ವಿಮೆಯಿಂದ ‘ವೈಸೆನ್‌ರೆಂಟೆ’, ಅಂದರೆ ಅನಾಥ ಮಕ್ಕಳ ಪಿಂಚಣಿ, ಬರುತ್ತದೆ. ಒಬ್ಬರು ಹೋಗಿದ್ದರೆ ಅವರ ಪಿಂಚಣಿಯ ಶೇ 10, ಇಬ್ಬರೂ ಇಲ್ಲದಿದ್ದರೆ ಶೇ 20ರ ಲೆಕ್ಕ, ಮೇಲೊಂದಿಷ್ಟು ಪೂರಕ ಮೊತ್ತ. 18ರವರೆಗೆ ಎಲ್ಲರಿಗೂ, ಓದು ಅಥವಾ ವೃತ್ತಿ ತರಬೇತಿ ಮುಂದುವರಿದರೆ 27ರವರೆಗೆ. ನಮ್ಮ ಪಕ್ಕದ ಮನೆಯ ಹುಡುಗ ಅಪ್ಪ ತೀರಿಕೊಂಡ ಮೇಲೆ ಬಡಗಿ ಕೆಲಸ ಕಲಿಯಲು ಸೇರಿದ. ಹದಿನೆಂಟು ತುಂಬುವ ಮುಂಚೆಯೇ ಪಿಂಚಣಿ ಕಚೇರಿಯಿಂದ ಪತ್ರ ಬಂತು: ಕಲಿಯುತ್ತಿದ್ದರೆ ಪುರಾವೆ ಕಳುಹಿಸಿ. ತರಬೇತಿ ಒಪ್ಪಂದದ ಪ್ರತಿ ಕಳುಹಿಸಿದ, ಅಷ್ಟೇ. ಅಂಕ ಎಷ್ಟೆಂದು ಯಾರೂ ಕೇಳಲಿಲ್ಲ. ಕಲಿಯುವಾಗ ಸಿಗುವ ಸಂಬಳವನ್ನೂ 2015ರಿಂದ ಇದರಲ್ಲಿ ಕಳೆಯುವುದಿಲ್ಲ.

ಇದೇನೂ ಕಲ್ಪವೃಕ್ಷವಲ್ಲ. ಸತ್ತವರು ಸಾಮಾನ್ಯವಾಗಿ ಐದು ವರ್ಷವಾದರೂ ವಿಮೆಯಲ್ಲಿ ಇದ್ದಿರಬೇಕು. ಶೇ 10ರಲ್ಲಿ ಮ್ಯೂನಿಕ್‌ನಲ್ಲಿ ಕೋಣೆಯ ಬಾಡಿಗೆಯೂ ಹುಟ್ಟದು.

ನಮ್ಮಲ್ಲಿ ಏನೂ ಇಲ್ಲವೆಂದರೆ ಅದು ಸುಳ್ಳು. ಮಿಷನ್ ವಾತ್ಸಲ್ಯ ಎಂಬ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಆದರೆ ಅದು 18ಕ್ಕೆ ನಿಲ್ಲುತ್ತದೆ. ಹದಿನೆಂಟು ಅಂದರೆ ದ್ವಿತೀಯ ಪಿಯುಸಿ, ಸಿಇಟಿ, ಡಿಗ್ರಿ ಸೇರುವ ಹೊತ್ತು. ಶುಲ್ಕ ಏರುವುದೇ ಆಗ. ಬಾಲಮಂದಿರದಿಂದ ಹೊರಬಂದವರಿಗೆ ಆಮೇಲೂ ನೆರವಿನ ದಾರಿ ಇದೆ. ಸೋದರಮಾವನ ಮನೆಯಲ್ಲಿ ಬೆಳೆದವಳಿಗೆ? ಮಾವನ ಮುಖ ನೋಡಬೇಕು, ಅತ್ತೆಯದನ್ನೂ.

ಕೋವಿಡ್‌ನಲ್ಲಿ ಹೆತ್ತವರಿಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ 2021ರಲ್ಲಿ ಬಂದ ಪಿಎಂ ಕೇರ್ಸ್ ಯೋಜನೆ 18ರಿಂದ 23ರವರೆಗೆ ಮಾಸಿಕ ಹಣ ಕೊಡುತ್ತದೆ, 23ಕ್ಕೆ 10 ಲಕ್ಷವನ್ನೂ ಕೊಡುತ್ತದೆ. ಒಳ್ಳೆಯದೇ. ಆದರೆ ಅಪ್ಪ ಅಮ್ಮ ಲಾರಿ ಅಪಘಾತದಲ್ಲಿ ಹೋದರೆ ಹುಡುಗಿಗೆ ಅದು ಇಲ್ಲ. ಸಾವಿನ ಕಾರಣ ನೋಡಿ ಕಾಲೇಜು ಶುಲ್ಕ ಕಡಿಮೆಯಾಗುತ್ತದೆಯೇ? ಇನ್ನು ಪಿಎಫ್ ಪಿಂಚಣಿ ಯೋಜನೆಯಲ್ಲಿ ಅನಾಥ ಮಕ್ಕಳಿಗೆ 25ರವರೆಗೂ ಹಣವಿದೆ. ಕೂಲಿಗೆ ಹೋಗುತ್ತಿದ್ದವರಿಗೆ, ಹೊಲ ಉಳುತ್ತಿದ್ದವರಿಗೆ ಪಿಎಫ್ ಎಲ್ಲಿಂದ ಬರಬೇಕು?

ಜರ್ಮನಿಯ ವಿಮೆಯನ್ನು ಇಲ್ಲಿಂದ ಕಿತ್ತು ಅಲ್ಲಿ ನೆಡಲು ಆಗದು, ನಿಜ. ಆ ಪುರಾವೆಯ ಕ್ರಮವನ್ನಂತೂ ತರಬಹುದು. ಬಸ್ ಪಾಸಿಗೆಂದು ನಮ್ಮ ಕಾಲೇಜುಗಳು ವ್ಯಾಸಂಗ ಪ್ರಮಾಣಪತ್ರ ಕೊಡುತ್ತಲೇ ಇವೆ. ಅದನ್ನೇ ವರ್ಷಕ್ಕೊಮ್ಮೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟರೆ ಆ 4,000 ರೂಪಾಯಿಯನ್ನು ಡಿಗ್ರಿ ಅಥವಾ ಐಟಿಐ ಮುಗಿಯುವವರೆಗೂ ಕೊಡಲಿ.