ವಿಭಕ್ತಿ ಪ್ರತ್ಯಯ: ಕೈಗೆ ಕೊಡಬೇಕೋ, ಕಿವಿಗೆ ಬಿಡಬೇಕೋ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಶಾಲೆಗಳಲ್ಲಿ ಎರಡನೆಯ, ಮೂರನೆಯ ತರಗತಿಯ ಮಕ್ಕಳಿಗೆ ವಿಭಕ್ತಿಯನ್ನು (ನಾಮಪದದ ಕೊನೆಗೆ ಹತ್ತುವ ‘ಅನ್ನು, ಇಂದ, ಗೆ’ಗಳನ್ನು) ಕಾಗದದ ಪಟ್ಟಿ ಜೋಡಿಸುವ ಚಟುವಟಿಕೆಯಿಂದ ಕಲಿಸಬೇಕೇ?

ಪರ

‘ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ’ ಎಂದು ರಾಗವಾಗಿ ಒಪ್ಪಿಸುವ ಹುಡುಗಿಗೆ ‘ಹೊಲ’ಕ್ಕೆ ದ್ವಿತೀಯಾ ಹಚ್ಚು ಅಂದರೆ ‘ಹೊಲಅನ್ನು’ ಎಂದು ಬರೆದಿಡುತ್ತಾಳೆ. ಬಾಯಲ್ಲಿ ಅವಳು ಎಂದೂ ಹಾಗೆ ಅಂದವಳಲ್ಲ. ಬಾಯಿಪಾಠ ಅವಳ ಮಾತಿಗೂ ಪಾಟಿಗೂ ನಡುವೆ ಗೋಡೆ ಎಬ್ಬಿಸಿದೆ. ಅದನ್ನು ಕೆಡವಲು ಕೈಗೆ ಕೆಲಸ ಕೊಡಬೇಕು.

ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಸಾಕು. ನಾಲ್ಕು ಮಕ್ಕಳಿಗೆ ಒಂದು ಕಟ್ಟು. ಅದರಲ್ಲಿ 10 ಸೆಂ.ಮೀ. ಉದ್ದದ ಎಂಟು ಪದಪಟ್ಟಿ, ‘ಅನ್ನು, ಇಂದ, ಗೆ, ಅಲ್ಲಿ’ ಎಂಬ ನಾಲ್ಕು ಪ್ರತ್ಯಯಪಟ್ಟಿ, ಜೊತೆಗೆ 2 ಸೆಂ.ಮೀ. ತುಣುಕುಗಳಲ್ಲಿ ಯ್, ವ್, ದ್, ನ್ ಎರಡೆರಡು ಇರಲಿ. ‘ಗೆ’ ಪಟ್ಟಿಯ ಹಿಂಬದಿಗೆ ‘ಕ್ಕೆ’ ಬರೆಯಿರಿ. ಪಂಚಮಿಯ ‘ದೆಸೆಯಿಂದ’ ಬೇಡವೇ ಬೇಡ, ಈ ವಯಸ್ಸಿನವರ ಮಾತಿನಲ್ಲಿ ಅದು ಇಲ್ಲ.

ಮೊದಲ ದಿನ ಹೊಲ, ಗಿಡ, ಮನೆ, ಎಮ್ಮೆ ಇಷ್ಟೇ. ಮಗು ಮೊದಲು ‘ಮನೆಯಿಂದ’ ಎಂದು ಗಟ್ಟಿಯಾಗಿ ಅನ್ನಬೇಕು. ‘ಮನೆ’ಗೂ ‘ಇಂದ’ಕ್ಕೂ ನಡುವೆ ಏನು ಕೇಳಿಸಿತು ಎಂದು ಆಮೇಲೆ ಕೇಳಿ. ‘ಯ್’ ತುಣುಕನ್ನು ಅದೇ ಹುಡುಕಿ ಇಡುತ್ತದೆ. ಈ ಕ್ರಮ ತಲೆಕೆಳಗಾದರೆ ಮಕ್ಕಳು ಸಿಕ್ಕ ತುಣುಕು ಇಟ್ಟು ‘ಹೊಲಯಿಂದ’ ಮಾಡಿ ಕೂರುತ್ತಾರೆ. ಎರಡನೆಯ ದಿನ ಹುಡುಗ, ಅಕ್ಕ ಎಂಬ ಪಟ್ಟಿಗಳನ್ನು ಸೇರಿಸಿ. ಇವು ‘ಹೊಲ’ದ ಹಾಗೆಯೇ ಅಕಾರದಲ್ಲಿ ಮುಗಿದರೂ ವ್, ದ್ ಒಪ್ಪುವುದಿಲ್ಲ: ಹುಡುಗನನ್ನು, ಅಕ್ಕನಿಂದ. ಮನುಷ್ಯರಿಗೆ ‘ನ್’, ಹೊಲ-ಗಿಡಕ್ಕೆ ಬೇರೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುವ ಗಳಿಗೆ ಇದು. ಯಾರೂ ಅವಸರ ಮಾಡಿ ಹೇಳಿಕೊಡಬಾರದು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ‘ಅಲ್ಲಿ’ ಪಟ್ಟಿಯ ಹಿಂಬದಿ. ಅಲ್ಲಿ ‘ಆಗ’ ಎಂದು ಬರೆಯಿರಿ. ‘ಹೊಲ’ಕ್ಕೆ ‘ದ್’ ಇಟ್ಟು ಒಂದು ಬದಿ ಹಚ್ಚಿದರೆ ಹೊಲದಲ್ಲಿ, ಹೊರಳಿಸಿದರೆ ಹೊಲದಾಗ. ನಡುವಿನ ‘ದ್’ ಕದಲಲಿಲ್ಲ! ಮನೆಯ ಮಾತು ತಪ್ಪು, ಪುಸ್ತಕದ್ದು ಸರಿ ಎಂಬ ಅಂಜಿಕೆ ನಮ್ಮ ಭಾಗದ ಮಕ್ಕಳ ನಾಲಿಗೆ ಕಟ್ಟಿಹಾಕುತ್ತದೆ. ಎರಡಕ್ಕೂ ಒಂದೇ ವ್ಯಾಕರಣ ಎಂದು ಈ ಪಟ್ಟಿ ಕಣ್ಣಿಗೇ ತೋರಿಸುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆ ಹಾಕಿ ಕೂಡಿಸುವುದನ್ನು ನೋಡಿದ ಮಕ್ಕಳಿಗೆ ನಡುವಿನ ತುಣುಕಿನ ಕೆಲಸ ಬಿಡಿಸಿ ಹೇಳಬೇಕಾಗಿಲ್ಲ.

ತಪ್ಪುವುದು ಎಲ್ಲಿ? ಊರು, ಕಾಲು ಮುಂತಾದ ಉಕಾರದ ಪದ ಮೊದಲೇ ಕೊಟ್ಟಲ್ಲಿ. ಅವುಗಳಲ್ಲಿ ಸ್ವರ ಬಿದ್ದುಹೋಗುತ್ತದೆ. ಕೊಂಬನ್ನು ಹಿಂದಕ್ಕೆ ಮಡಚಿ, ‘ಅನ್ನು’ವಿನ ‘ಅ’ವನ್ನೂ ಮಡಚಿದರೆ ‘ಊರನ್ನು’ ಬರುತ್ತದೆ, ಆದರೆ ಅದು ಮೂರನೆಯ ವಾರದ ಕೆಲಸ. ಇನ್ನೊಂದು, 35 ಮಕ್ಕಳಿಗೆ ಒಂದೇ ಕಟ್ಟು ಇಟ್ಟುಕೊಂಡರೆ ಇಬ್ಬರು ಜೋಡಿಸುತ್ತಾರೆ, ಉಳಿದವರು ನೋಡುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇಂದು ನಮ್ಮ ಸರಕಾರಿ ಶಾಲೆಗಳಲ್ಲೂ ಇದೆ. ಕಾರ್ಡು ಹಿಡಿದು ಗುಂಪಿನಲ್ಲಿ ಕೂರುವ ರೂಢಿ ಮಕ್ಕಳಿಗೆ ಮೊದಲೇ ಬಂದಿದೆ.

ವಿರೋಧ

ಕನ್ನಡದ ಪದ ತುಣುಕು ಕೂಡಿಸಿದ್ದಲ್ಲ, ಕರಗಿ ಒಂದಾದದ್ದು. ಮನೆ, ಯ್, ಅನ್ನು ಎಂದು ಸಾಲಾಗಿ ಇಟ್ಟರೆ ಮಗುವಿನ ಕಣ್ಣಿಗೆ ಬೀಳುವುದು ‘ಮನೆಯ್‌ಅನ್ನು’. ಅಂಥ ಬರಹ ಎಲ್ಲಿಯೂ ಇಲ್ಲ. ಒತ್ತಕ್ಷರದಲ್ಲೇ ಎಡವುತ್ತಿರುವ ಮಗುವಿಗೆ ಅರ್ಧಾಕ್ಷರದ ಮುಂದೆ ಸ್ವರ ಬಿಡಿಯಾಗಿ ನಿಂತದ್ದನ್ನು ದಿನವೂ ತೋರಿಸಬೇಕೇ? ಮಡಚುವ ಉಪಾಯವೂ ಹೆಚ್ಚು ದೂರ ಹೋಗದು. ಊರನ್ನು, ಊರಲ್ಲಿ ಆಯಿತು. ಊರಿಗೆ, ಊರಿನಿಂದ ಬಂದಾಗ ‘ರ’ವೇ ‘ರಿ’ ಆಗಬೇಕು. ಕಾಗದ ಎಷ್ಟು ಮಡಚಿದರೂ ಗುಡಿಸು ಹುಟ್ಟುವುದಿಲ್ಲ.

‘ಬಾಯಿ ಮೊದಲು’ ಎಂಬ ಮಾತು ಒಪ್ಪುವಂಥದ್ದೇ, ಆದರೆ ಎಲ್ಲ ಪ್ರತ್ಯಯವೂ ಬಾಯಲ್ಲಿ ಇಲ್ಲ. ರೊಟ್ಟಿ ತಿನ್ನು, ನೀರು ಕುಡಿ, ಎಮ್ಮಿ ಕಟ್ಟು ಎನ್ನುವ ಮನೆಯಲ್ಲಿ ‘ಅನ್ನು’ ಎಷ್ಟು ಸಲ ಕೇಳಿಸೀತು? ‘ರೊಟ್ಟಿಯನ್ನು’ ಬರುವುದು ಕಥೆ ಓದಿಸಿಕೊಂಡು, ಹತ್ತಾರು ಸಲ ಕೇಳಿ. ಖಾನಾಪುರ, ನಿಪ್ಪಾಣಿ ಕಡೆ ಮನೆಯಲ್ಲಿ ಮರಾಠಿ ಆಡುವ ಮಗುವಿಗಂತೂ ಕಿವಿ ತುಂಬುವುದೇ ಮೊದಲ ಕೆಲಸ. ಅಂಥ ತರಗತಿಯಲ್ಲಿ ಲಿಂಗ ಕಲಿಸಲು ಬಣ್ಣದ ಕಾರ್ಡು ಹಂಚಿ ಡಬ್ಬಿಗಳಲ್ಲಿ ವಿಂಗಡಿಸಿ ಅಂದರೆ ಭಾಕರಿ (ರೊಟ್ಟಿ) ಸ್ತ್ರೀಲಿಂಗದ ಡಬ್ಬಿಗೆ, ರಸ್ತೆ ಪುಲ್ಲಿಂಗದ ಡಬ್ಬಿಗೆ ಹೋಗುತ್ತದೆ. ಮರಾಠಿಯಲ್ಲಿ ಅದು ಸರಿಯೇ. ಮಗುವಿನ ತಪ್ಪಲ್ಲ, ಡಬ್ಬಿಯ ತಪ್ಪು.

ಕೈಗೆ ಕೆಲಸ ಕೊಡುವ ಹೆಸರಿನಲ್ಲಿ ನಾಮಪದಕ್ಕೆ ನಿಜವಾದ ಹಣ್ಣು ತಂದಿಡುವುದು, ಕ್ರಿಯಾಪದಕ್ಕೆ ಓಡಿ ತೋರಿಸುವುದು ಇನ್ನೂ ಕೆಟ್ಟದ್ದು. ಹಣ್ಣು ನಾಮಪದವಲ್ಲ, ‘ಹಣ್ಣು’ ಎಂಬ ಮಾತು ನಾಮಪದ. ಓಡಿ ಕಲಿತ ಮಗು ‘ಓಟ’ವನ್ನೂ ಕ್ರಿಯಾಪದ ಎನ್ನುತ್ತದೆ. ಮಾಂಟೆಸ್ಸೋರಿ ಪದ್ಧತಿಯಲ್ಲಿ ನಾಮಪದಕ್ಕೆ ಇಡುವ ಕರಿ ತ್ರಿಕೋನ, ಕ್ರಿಯಾಪದಕ್ಕೆ ಇಡುವ ಕೆಂಪು ವೃತ್ತಗಳನ್ನು ಇದ್ದಂತೆಯೇ ತಂದರೂ ಕಷ್ಟವೇ. ‘ಬಂದಳು’ ಎಂಬುದರಲ್ಲಿ ಬರುವ ಕೆಲಸ, ಆಗಿಹೋದ ಕಾಲ, ಬಂದವಳು ಹೆಣ್ಣು ಎಂಬ ಮೂರೂ ಇವೆ. ಕೆಂಪು ವೃತ್ತ ಒಂದನ್ನೇ ತೋರಿಸುತ್ತದೆ.

40 ನಿಮಿಷದ ಅವಧಿಯಲ್ಲಿ ಪಟ್ಟಿ ಹಂಚಿ, ಎಣಿಸಿ ಕಟ್ಟುವುದಕ್ಕೇ ಕಾಲು ಭಾಗ ಹೋಗುತ್ತದೆ. ಕಳೆಯುವುದು ಯಾವಾಗಲೂ 2 ಸೆಂ.ಮೀ. ತುಣುಕೇ. ಅದರ ಬದಲು ದಿನಕ್ಕೆ ಹತ್ತು ನಿಮಿಷ ವಾಕ್ಯ ಬೆಳೆಸುವ ಆಟ ಆಡಿಸಿ. ‘ಅಕ್ಕ ಬಂದಳು.’ ಎಲ್ಲಿಂದ? ‘ಅಕ್ಕ ಹೊಲದಿಂದ ಬಂದಳು.’ ಎಲ್ಲಿಗೆ? ‘ಅಕ್ಕ ಹೊಲದಿಂದ ಮನೆಗೆ ಬಂದಳು.’ ಏನು ತಂದಳು, ಯಾವುದರಲ್ಲಿ? ‘ಅಕ್ಕ ಹೊಲದಿಂದ ಬುಟ್ಟಿಯಲ್ಲಿ ಸೀತನಿ ತಂದಳು.’ ಕೇಳುವ ಪ್ರಶ್ನೆಯ ಬಾಲದಲ್ಲೇ ಉತ್ತರದ ಪ್ರತ್ಯಯ ಇರುತ್ತದೆ: ಎಲ್ಲಿಂದ ಅಂದರೆ ಹೊಲದಿಂದ, ಯಾರಿಗೆ ಅಂದರೆ ಅಕ್ಕನಿಗೆ. ಮಗು ತಡವರಿಸಿದರೆ ತಿದ್ದಬೇಡಿ, ಪ್ರಶ್ನೆಯನ್ನೇ ನಿಧಾನವಾಗಿ ಇನ್ನೊಮ್ಮೆ ಕೇಳಿ. ಕೊನೆಯ ಮೂರು ವಾಕ್ಯಗಳನ್ನು ಉಕ್ತಲೇಖನವಾಗಿ ಬರೆಸಿ. ದ್ವಿತೀಯಾ, ತೃತೀಯಾ ಎಂಬ ಹೆಸರುಗಳು ಐದನೆಯ ತರಗತಿಯವರೆಗೆ ಕಾಯಲಿ.