ಗಿಡದ್ದಾದರೂ ಹೊಗೆ ಹೊಗೆಯೇ

ಗಾಂಜಾ ಗಿಡದಿಂದ ಬಂದದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ಎಷ್ಟೋ ಹುಡುಗರು ಹೇಳುತ್ತಾರೆ. ಹೊಗೆಸೊಪ್ಪೂ ಗಿಡದ್ದೇ ಅಲ್ವಾ? ಯಾವ ಸೊಪ್ಪು ಸುಟ್ಟರೂ ಟಾರ್ ಅನ್ನುವ ಅಂಟು ಜಿಡ್ಡು, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಬಂದೇ ಬರುತ್ತವೆ. ಗಾಂಜಾ ಸೇದುವವರು ಹೊಗೆಯನ್ನು ಆಳಕ್ಕೆ ಎಳೆದು ಒಳಗೇ ಹಿಡಿದುಕೊಳ್ಳುತ್ತಾರೆ, ಹಾಗಾಗಿ ಶ್ವಾಸಕೋಶದಲ್ಲಿ ಟಾರ್ ಇನ್ನೂ ಜಾಸ್ತಿ ಕೂರುತ್ತದೆ.

ನನ್ನ ಚಿಕ್ಕಪ್ಪನ ಮಗ ಹಾಸ್ಟೆಲ್‌ನಲ್ಲಿ 17ನೇ ವಯಸ್ಸಿಗೇ ಶುರು ಮಾಡಿದ. ಮೊದಲು ಬರೀ ಕೆಮ್ಮು, ಕಫ. ಎರಡು ವರ್ಷ ಕಳೆಯುವಷ್ಟರಲ್ಲಿ ರೂಮಿನ ಕಿಟಕಿಗೆ ಪೇಪರ್ ಅಂಟಿಸಿ, ಎದುರು ಮನೆಯವರು ನನ್ನ ಬಗ್ಗೆಯೇ ಮಾತಾಡ್ತಿದ್ದಾರೆ ಅಂತ ರಾತ್ರಿಯಿಡೀ ಕೂತಿರುತ್ತಿದ್ದ, ಚಿಕ್ಕಮ್ಮ ಬಡಿಸಿದ ಅನ್ನವನ್ನು ಮೂಸಿ ನೋಡಿ ತಟ್ಟೆ ಆಚೆ ತಳ್ಳುತ್ತಿದ್ದ. ಮನೆಯವರು ದೃಷ್ಟಿ ತೆಗೆಸಿದರು, ಹರಕೆ ಹೊತ್ತರು. ಡಾಕ್ಟರ ಹತ್ತಿರ ಹೋಗಿದ್ದು ತಡವಾಗಿ, ಅದೇ ಈಗಲೂ ನೋವು.

ಸೇದಿದವರೆಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಲೇ ಇರುತ್ತದೆ. ಚಿಕ್ಕ ವಯಸ್ಸಿಗೆ ಶುರು ಮಾಡಿ ದಿನಾ ಸೇದುವವರಿಗೆ, ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ನಿಮ್ಮ ಮನೆಯಲ್ಲಿ ಇಂಥ ಲಕ್ಷಣ ಕಂಡರೆ ಬೈಯುತ್ತಾ ಕೂರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.