‘ಖರಖರ’ ಅಂದರೂ ಮಾತು ತಿಳೀತದ: ಕಲಬುರಗಿಯ ಮೀಡಿಯಂ ವೇವ್, ಇಂಗ್ಲೆಂಡಿನ ಡಿಎಬಿ

ಕಲಬುರಗಿ ಕಡೆ ರೇಡಿಯೊ ಸರಿಯಾಗಿ ಬರದಿದ್ದಾಗ ಎರಡು ಮಾತು ಕೇಳಿಬರುತ್ತವೆ. ‘ಖರಖರ ಅಂತದ’ ಅಂದರೆ ಸ್ಟೇಷನ್ ಇದೆ, ಸದ್ದು ಬೆರೆತಿದೆ, ಕಿವಿಗೊಟ್ಟರೆ ಮಾತು ತಿಳಿಯುತ್ತದೆ. ‘ಹತ್ತವಲ್ದು’ ಅಂದರೆ ಸ್ಟೇಷನ್ನೇ ಸಿಗುತ್ತಿಲ್ಲ. ಇವೆರಡರ ನಡುವೆ ಬಹಳ ಅಂತರವಿದೆ. ಹಳ್ಳಿಯ ರೇಡಿಯೊ ಹೆಚ್ಚಾಗಿ ಬದುಕಿದ್ದು ಆ ಅಂತರದಲ್ಲೇ. ನಾನಿರುವ ಇಂಗ್ಲೆಂಡಿನ ಡಿಜಿಟಲ್ ರೇಡಿಯೊದಲ್ಲಿ ಆ ಅಂತರವೇ ಇಲ್ಲ. ಆಕಾಶವಾಣಿಯೂ ಡಿಜಿಟಲ್ ಕಡೆಗೆ ಹೆಜ್ಜೆ ಇಟ್ಟಿರುವಾಗ, ಕಲಬುರಗಿ, ಬೀದರ್, ಯಾದಗಿರಿಯ ಕೇಳುಗರು ಇದನ್ನು ತಿಳಿದಿರಬೇಕು.

ಇಲ್ಲಿನ ಡಿಜಿಟಲ್ ರೇಡಿಯೊಗೆ ಡಿಎಬಿ ಅಂತ ಹೆಸರು. ಬಿಬಿಸಿ ಇದನ್ನು 1995ರ ಸೆಪ್ಟೆಂಬರ್‌ನಲ್ಲಿ ಶುರುಮಾಡಿತು. ಹತ್ತಾರು ಸ್ಟೇಷನ್‌ಗಳನ್ನು ಒಂದೇ ಕಟ್ಟು ಮಾಡಿ, 1.536 ಮೆಗಾಹರ್ಟ್ಸ್ ಅಗಲದ ಒಂದು ಬ್ಲಾಕಿನಲ್ಲಿ, 1,536 ಸಣ್ಣ ಸಣ್ಣ ವಾಹಕ ಅಲೆಗಳ ಮೇಲೆ ಹಂಚಿ ಕಳಿಸುತ್ತಾರೆ. ಈ ಕಟ್ಟಿಗೆ ಮಲ್ಟಿಪ್ಲೆಕ್ಸ್ ಅನ್ನುತ್ತಾರೆ. ದಾರಿಯಲ್ಲಿ ಕೆಲವು ಬಿಟ್ ಹಾಳಾದರೆ ಸೆಟ್ಟೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ. ಹಾಗಾಗಿ ಸಿಗ್ನಲ್ ಅರ್ಧಕ್ಕೆ ಇಳಿದರೂ ಕೇಳುವವರಿಗೆ ಏನೂ ಗೊತ್ತಾಗುವುದಿಲ್ಲ. ತಪ್ಪುಗಳು ಆ ಲೆಕ್ಕದ ಮಿತಿ ದಾಟಿದ ಕೂಡಲೇ ಎಲ್ಲವೂ ಒಮ್ಮೆಲೇ ಕುಸಿಯುತ್ತದೆ. ಹಳೆಯ ಡಿಎಬಿಯಲ್ಲಾದರೆ ನೀರಿನೊಳಗೆ ಮಾತಾಡಿದ ಹಾಗೆ ಗುಳುಗುಳು ಸದ್ದು. ಹೊಸ ಡಿಎಬಿ ಪ್ಲಸ್‌ನಲ್ಲಾದರೆ ಅದೂ ಇಲ್ಲ, ಬರೀ ಮೌನ. ವಾಕ್ಯದ ನಡುವೆ ಎರಡು ಸೆಕೆಂಡು ಮಾಯವಾದರೆ ಮಳೆ ‘ಬರುತ್ತದೆ’ ಅಂದರೋ ‘ಬರುವುದಿಲ್ಲ’ ಅಂದರೋ ತಿಳಿಯದು.

ಇದಕ್ಕಿಂತ ದೊಡ್ಡ ತೊಂದರೆ ಕೈಗೆ ಸಂಬಂಧಿಸಿದ್ದು. ಹಳೆಯ ಸೆಟ್ ಹಿಡಿದವರು ಕಿವಿಯಿಂದಲೇ ಕಲಿಯುತ್ತಾರೆ. ಸ್ವಲ್ಪ ತಿರುಗಿಸಿದರೆ ಖರಖರ ತಗ್ಗುತ್ತದೆ, ಇನ್ನಷ್ಟು ತಿರುಗಿಸಿದರೆ ಹೆಚ್ಚುತ್ತದೆ. ಉತ್ತರ ಆ ಕ್ಷಣಕ್ಕೇ ಸಿಗುವುದರಿಂದ ಎಂಟು ವರ್ಷದ ಹುಡುಗಿಯೂ ಸ್ಟೇಷನ್ ಹಿಡಿಯುತ್ತಾಳೆ. ಡಿಜಿಟಲ್ ಸೆಟ್‌ನಲ್ಲಿ ಏರಿಯಲ್ ಕಡ್ಡಿ ಸರಿಸಿದ ಮೇಲೆ ಸೆಟ್ ಮತ್ತೆ ಕಟ್ಟನ್ನು ಹಿಡಿದು, ಬಿಚ್ಚಿ, ದನಿ ಮಾಡುವ ತನಕ ಕಾಯಬೇಕು. ಅಷ್ಟರಲ್ಲಿ ಕೈ ಬೇರೆಡೆಗೆ ಹೋಗಿರುತ್ತದೆ. ಯಾವ ಕಡೆ ಸರಿಸಿದ್ದರಿಂದ ಒಳ್ಳೆಯದಾಯಿತು ಎಂಬುದು ತಿಳಿಯುವುದೇ ಇಲ್ಲ. ಬಿಬಿಸಿ ಗಂಟೆಗೊಮ್ಮೆ ಕೊಡುವ ಪಿಪ್ ಪಿಪ್ ಸಮಯಸೂಚನೆ ಡಿಎಬಿಯಲ್ಲಿ ಕೆಲವು ಸೆಕೆಂಡು ತಡವಾಗಿ ಬರುವುದಕ್ಕೂ ಈ ಕಟ್ಟುವ, ಬಿಚ್ಚುವ ಕೆಲಸವೇ ಕಾರಣ.

ಡಿಎಬಿ ಸೆಟ್ ಇಟ್ಟುಕೊಂಡ ಕನ್ನಡಿಗರಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಇಲ್ಲೇ ಹೇಳುತ್ತೇನೆ. ಏರಿಯಲ್ ಕಡ್ಡಿ ನೆಟ್ಟಗೆ ನಿಲ್ಲಲಿ, ಏಕೆಂದರೆ ಇಲ್ಲಿ ಡಿಎಬಿ ಅಲೆಯನ್ನು ಲಂಬವಾಗಿಯೇ ಕಳಿಸುತ್ತಾರೆ. ಕಡ್ಡಿಯನ್ನು ಪೂರ್ತಿ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಪೂರ್ತಿ ಎಳೆದ ಸುಮಾರು 75 ಸೆಂ.ಮೀ. ಕಡ್ಡಿ ಎಫ್‌ಎಂಗೆ ಹೊಂದುವ ಅಳತೆ. ಬಿಬಿಸಿಯ ರಾಷ್ಟ್ರೀಯ ಮಲ್ಟಿಪ್ಲೆಕ್ಸ್ 225.648 ಮೆಗಾಹರ್ಟ್ಸ್‌ನಲ್ಲಿದೆ, ಅದರ ಕಾಲು ತರಂಗಾಂತರ ಸುಮಾರು 33 ಸೆಂ.ಮೀ. ಅಷ್ಟಕ್ಕೇ ಎಳೆದು ನೋಡಿ. ಹೊಸ ಮನೆಗಳ ಗೋಡೆಯೊಳಗೆ ಚಳಿ ತಡೆಯಲು ಹಾಕುವ ಬೆಳ್ಳಿ ಹಾಳೆಯೂ, ಕಿಟಕಿ ಗಾಜಿಗೆ ಬಳಿದ ತೆಳು ಲೋಹದ ಪದರವೂ ಈ ಅಲೆಗಳನ್ನು ತಡೆಯುತ್ತವೆ. ಹೀಗಾಗಿ ಒಂದೇ ಕೋಣೆಯಲ್ಲಿ ಸೆಟ್ಟನ್ನು ಅರ್ಧ ಮೀಟರ್ ಸರಿಸಿದರೆ ಸತ್ತ ಸ್ಟೇಷನ್ ಬದುಕುವುದುಂಟು. ಸೆಟ್ಟಿನ ಪರದೆಯ ಸಿಗ್ನಲ್ ಬಾರ್‌ಗಳನ್ನು ನಂಬಬೇಡಿ. ಮೆನುವಿನಲ್ಲಿ ಸಿಗ್ನಲ್ ಎರರ್ ಅಂತ ಅಂಕಿ ತೋರಿಸುವ ಸೆಟ್ ಆದರೆ ಅದನ್ನೇ ನೋಡುತ್ತ ಸರಿಸಿ. ನಿನ್ನೆ ಇದ್ದ ಸ್ಟೇಷನ್ ಇಂದು ಇಲ್ಲವಾದರೆ ಸೆಟ್ ಕೆಟ್ಟಿದೆ ಅಂದುಕೊಳ್ಳದೆ ಪೂರ್ತಿ ಸ್ಕ್ಯಾನ್ ಮಾಡಿ, ಅದು ಬೇರೆ ಮಲ್ಟಿಪ್ಲೆಕ್ಸ್‌ಗೆ ಹೋಗಿರಬಹುದು. ಡಿಎಬಿ ಪ್ಲಸ್‌ಗೆ ಹೋಗಿದ್ದರೆ ಮಾತ್ರ ಕಷ್ಟ. 2000ರ ದಶಕದ ಮೊದಲ ಸೆಟ್‌ಗಳು ಅದನ್ನು ಬಿಚ್ಚಲಾರವು. ಚೆನ್ನಾಗಿರುವ ರೇಡಿಯೊ ಹೀಗೆ ಕಸವಾಗುವುದು ನನಗೆ ಸಹಿಸಲಾಗದ ಸಂಗತಿ. ಅರವತ್ತು ವರ್ಷದ ಹಿಂದಿನ ಮೀಡಿಯಂ ವೇವ್ ಸೆಟ್ ಇಂದಿನ ಮೀಡಿಯಂ ವೇವ್ ಪ್ರಸಾರವನ್ನು ಹಾಗೇ ಹಿಡಿಯುತ್ತದೆ.

ದನಿಯ ಗುಣವಾದರೂ ಮೇಲೆಂದುಕೊಂಡರೆ ಅಲ್ಲೂ ರಾಜಿ ಇದೆ. ಹಾಳಾದ ಬಿಟ್ ಸರಿಪಡಿಸಲು ಇಡುವ ರಕ್ಷಣೆ ಸಾಮಾನ್ಯ ಮಟ್ಟದಲ್ಲಿದ್ದರೆ ಒಂದು ಮಲ್ಟಿಪ್ಲೆಕ್ಸ್‌ಗೆ ಸೆಕೆಂಡಿಗೆ 1,152 ಕಿಲೋಬಿಟ್ ಜಾಗ. ಸ್ಟೇಷನ್ ಹೆಚ್ಚಿದಂತೆ ಒಬ್ಬೊಬ್ಬರ ಪಾಲು ಕುಗ್ಗುತ್ತದೆ. ಕೆಲವು ಖಾಸಗಿ ಸ್ಟೇಷನ್‌ಗಳ ಸಂಗೀತ ಡಿಎಬಿ ಪ್ಲಸ್‌ನಲ್ಲಿ 32 ಕಿಲೋಬಿಟ್‌ಗೆ ಇಳಿದಿದೆ. ಒಳ್ಳೆಯ ಎಫ್‌ಎಂ ಸಿಗ್ನಲ್ ಅದಕ್ಕಿಂತ ಎಷ್ಟೋ ಮೇಲು.

ಈಗ ನಮ್ಮ ಕಡೆ ನೋಡೋಣ. ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಅದರ ಮೀಡಿಯಂ ವೇವ್ 1107 ಕಿಲೋಹರ್ಟ್ಸ್, ಅಂದರೆ 271 ಮೀಟರ್ ಉದ್ದದ ಅಲೆ. ಇಷ್ಟು ಉದ್ದದ ಅಲೆ ನೆಲಕ್ಕೆ ಅಂಟಿಕೊಂಡು ಸಾಗುತ್ತದೆ, ದಿಬ್ಬ ಬಂದರೆ ಬಳಸಿಕೊಂಡು ಹೋಗುತ್ತದೆ. ನೆಲ ವಿದ್ಯುತ್ತನ್ನು ಚೆನ್ನಾಗಿ ಹರಿಸಿದಷ್ಟೂ ಅದು ದೂರ ಹೋಗುತ್ತದೆ. ತೇವ ಹಿಡಿದಿಡುವ ನಮ್ಮ ಎರೆ ನೆಲ ಇದಕ್ಕೆ ಒಳ್ಳೆಯದು, ಬೀದರಿನ ಜಂಬಿಟ್ಟಿಗೆಯ ನೆಲ ಅಷ್ಟು ಅನುಕೂಲದ್ದಲ್ಲ. ತೊಗರಿ ಬೆಳೆಯುವ ನೆಲವೇ ದನಿಯನ್ನೂ ಹೊತ್ತು ಒಯ್ಯುತ್ತದೆ ಅನ್ನುವುದು ನನಗೆ ಬಹಳ ಪ್ರೀತಿಯ ವಿಷಯ.

ಮೀಡಿಯಂ ವೇವ್‌ಗೆ ಹೊರಗಿನ ಕಡ್ಡಿ ಕೆಲಸ ಮಾಡುವುದಿಲ್ಲ. ಸೆಟ್ಟಿನೊಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕೋಲು ಅಡ್ಡ ಮಲಗಿರುತ್ತದೆ, ಅದೇ ಏರಿಯಲ್. ಕೋಲಿನ ಉದ್ದದ ಮಗ್ಗುಲು ಸ್ಟೇಷನ್ ಕಡೆಗಿದ್ದರೆ ದನಿ ಜೋರು, ಕೋಲಿನ ತುದಿ ಸ್ಟೇಷನ್ ಕಡೆಗಾದರೆ ದನಿ ಅಡಗುತ್ತದೆ. ಬೀದರಿಗೆ ಕಲಬುರಗಿ ನೈಋತ್ಯದಲ್ಲಿ, ನೇರ ದೂರ 100 ಕಿ.ಮೀ. ಹತ್ತಿರ. ಯಾದಗಿರಿಗೆ ವಾಯವ್ಯದಲ್ಲಿ, ಸುಮಾರು 70 ಕಿ.ಮೀ. ಸೆಟ್ಟಿನ ಮುಖವನ್ನೋ ಬೆನ್ನನ್ನೋ ಆ ದಿಕ್ಕಿಗೆ ಮಾಡಿ ಇಟ್ಟರೆ ಮುಕ್ಕಾಲು ಕೆಲಸ ಆದಂತೆ. ಶಹಾಬಾದ್ ಕಲ್ಲಿನ ಗೋಡೆ ಈ ಅಲೆಗೆ ಅಷ್ಟೇನೂ ಅಡ್ಡಿಯಲ್ಲ. ಕಬ್ಬಿಣದ ಸರಳಿನ ಆರ್‌ಸಿಸಿ ಮನೆ, ಪತ್ರಾದ ಶೆಡ್ಡು ಇದ್ದರೆ ಬಾಗಿಲ ಹತ್ತಿರ ಇಡುವುದು ಲೇಸು.

ಮೀಡಿಯಂ ವೇವ್ ಕೆಟ್ಟಿದ್ದು ಹೆಚ್ಚಾಗಿ ಮನೆಯೊಳಗಿನಿಂದಲೇ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್‌ವರ್ಟರ್ ಇವೆಲ್ಲ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತವೆ, ಆ ಕಡಿತದ ಸದ್ದು ವೈರಿಂಗ್ ತುಂಬ ಹರಡಿ ನೇರ ಈ ಬ್ಯಾಂಡಿಗೆ ಬೀಳುತ್ತದೆ. ಸೆಟ್ಟಿಗೆ ಸೆಲ್ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಖರಖರ ನಿಂತರೆ ಕಳ್ಳ ಮನೆಯಲ್ಲೇ ಇದ್ದಾನೆ. ಮೇನ್ ಹಾಕಿ ಒಂದೊಂದೇ ಪ್ಲಗ್ ಚುಚ್ಚುತ್ತ ಬಂದರೆ ಸಿಕ್ಕಿಬೀಳುತ್ತಾನೆ. ಸದ್ದು ನಿಲ್ಲದಿದ್ದರೆ ಸೆಟ್ಟು ಹಿಡಿದು ಹೊರಗೆ ನಡೆಯಿರಿ. ಕಂಬದ ಹತ್ತಿರ ಜೋರಾದರೆ ಸಡಿಲ ಜೋಡಣೆಯೋ ಬಿರುಕು ಬಿಟ್ಟ ಪಿಂಗಾಣಿಯೋ ಇರುತ್ತದೆ, ಲೈನ್‌ಮನ್‌ಗೆ ಕಂಬದ ನಂಬರ್ ಹೇಳಿ.

ಮೀಡಿಯಂ ವೇವ್‌ನ ಕೊರತೆಗಳನ್ನೂ ಮುಚ್ಚಿಡಬಾರದು. 9 ಕಿಲೋಹರ್ಟ್ಸ್ ಅಂತರದ ಚಾನೆಲ್‌ನಲ್ಲಿ ತಂಬೂರಿಯ ಝೇಂಕಾರ ಪೂರ್ತಿ ಬಾರದು. ಕತ್ತಲಾದ ಮೇಲೆ ದೂರದ ಸ್ಟೇಷನ್‌ಗಳ ಅಲೆ ಆಕಾಶದಿಂದ ಮರಳಿ ಬಂದು ಮೇಲೆ ಕೂರುತ್ತದೆ. ಟ್ರಾನ್ಸ್‌ಮಿಟರ್‌ಗೆ ಕರೆಂಟ್ ಬಹಳ ಬೇಕು. ಆಕಾಶವಾಣಿ ಡಿಆರ್‌ಎಂ (ಡಿಜಿಟಲ್ ರೇಡಿಯೊ ಮೊಂಡಿಯಲ್) ಎಂಬ ಡಿಜಿಟಲ್ ಪ್ರಸಾರ ಕ್ರಮವನ್ನು ಆರಿಸಿಕೊಂಡದ್ದಕ್ಕೆ ಈ ಕಾರಣಗಳಿವೆ, ಮತ್ತು ಡಿಎಬಿಗಿಂತ ಅದು ನಮ್ಮ ನೆಲಕ್ಕೆ ಹೊಂದುವ ಆಯ್ಕೆ. ಅದೇ ಮೀಡಿಯಂ ವೇವ್‌ನಲ್ಲಿ, ಅದೇ ನೆಲದಲೆಯಾಗಿ, ಡಿಜಿಟಲ್ ದನಿ ಸಾಗುತ್ತದೆ. ಆದರೆ ಎಲ್‌ಇಡಿ ಬಲ್ಬಿನ ಕಾಟ ಅದಕ್ಕೂ ತಪ್ಪಿದ್ದಲ್ಲ. ಹಳೆಯ ಸೆಟ್‌ನಲ್ಲಿ ಖರಖರ ಆಗಿ ಉಳಿಯುವ ಸದ್ದು ಡಿಆರ್‌ಎಂ ಸೆಟ್‌ನಲ್ಲಿ ಮೌನವಾಗಬಹುದು. ಕೆಲವು ಹೊಸ ಕಾರುಗಳಲ್ಲಿ ಡಿಆರ್‌ಎಂ ಇದೆ. ಹೊಲದಲ್ಲಿ ಬೆಲ್ಟಿಗೆ ಸಿಕ್ಕಿಸಿಕೊಳ್ಳುವ, ಎರಡು ಸೆಲ್ಲಿನ ಅಗ್ಗದ ಸೆಟ್ ಎಲ್ಲಿದೆ?

ಮೊಬೈಲ್‌ನಲ್ಲಿ ಕೇಳಲಿ ಅನ್ನುವ ಉತ್ತರ ಹೊರನಾಡಿನ ನಮಗೆ ಸರಿ, ಆ್ಯಪ್‌ನಿಂದಲೇ ನಮಗೆ ಕನ್ನಡ ಬಾನುಲಿ ಕೇಳುವುದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದಂಥ ದಿನಗಳಿಗೆ ಆ ಉತ್ತರ ಸಾಲದು. ಕರೆಂಟ್ ಹೋದರೆ ಮೊಬೈಲ್ ಟವರ್ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ನಡೆಯುತ್ತದೆ.

ನಾರ್ವೆ 2017ರಲ್ಲಿ ರಾಷ್ಟ್ರೀಯ ಎಫ್‌ಎಂ ನಿಲ್ಲಿಸಿತು. ಸ್ವಿಟ್ಜರ್‌ಲೆಂಡಿನ ಸಾರ್ವಜನಿಕ ರೇಡಿಯೊ 2024ರ ಕೊನೆಗೆ ನಿಲ್ಲಿಸಿ ಕೇಳುಗರನ್ನು ಕಳೆದುಕೊಂಡಿತು. ಬ್ರಿಟನ್ ಮಾತ್ರ ಕನಿಷ್ಠ 2030ರ ತನಕ ಎಫ್‌ಎಂ ಇರಲಿ ಅಂದಿದೆ. ನಮ್ಮಲ್ಲೂ ಡಿಆರ್‌ಎಂ ಬರಲಿ, ಆದರೆ ಅನಲಾಗ್ ಪಕ್ಕದಲ್ಲೇ ಇರಲಿ. ಒಂದೇ ಟ್ರಾನ್ಸ್‌ಮಿಟರ್‌ನಿಂದ ಎರಡನ್ನೂ ಕಳಿಸಲು ಆಗುತ್ತದೆ. ಡಿಜಿಟಲ್ ಭಾಗದಲ್ಲಿ ಅಲೆಯ ಮೇಲೆ ಬಿಟ್‌ಗಳನ್ನು ಒತ್ತೊತ್ತಾಗಿ ಹೇರಿ ಹೆಚ್ಚು ಚಾನೆಲ್ ತುರುಕುವ 64-ಕ್ವಾಮ್ ಕ್ರಮ ಬಿಟ್ಟು, ಬಿಟ್‌ಗಳನ್ನು ವಿರಳವಾಗಿ ಹೇರಿ ಗದ್ದಲ ತಡೆಯುವ 16-ಕ್ವಾಮ್‌ನಲ್ಲಿ ಮಾತಿನ ಒಂದೇ ಚಾನೆಲ್ ಕಳಿಸಲಿ. ಅನಲಾಗ್ ನಿಲ್ಲಿಸುವ ಮುನ್ನ ನಕ್ಷೆ ತೋರಿಸಿದರೆ ಸಾಲದು. ಚಿಂಚೋಳಿಯ ಕಾಡಂಚಿನಲ್ಲಿ, ಸುರಪುರದ ಗುಡ್ಡದ ಹಿಂದೆ, ಔರಾದಿನ ತಾಂಡಾದಲ್ಲಿ ಸೆಲ್ ಹಾಕಿದ ಮಾಮೂಲಿ ಸೆಟ್ ಇಟ್ಟು ಅಳೆಯಲಿ. ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ ಎಂಟಕ್ಕೆ ಎಲ್ಲರ ಮನೆಯ ಬಲ್ಬು ಉರಿಯುವಾಗ, ಒಮ್ಮೆ ಗುಡುಗು ಮಳೆಯಲ್ಲಿ. ಗಂಟೆಗೆ ಎಷ್ಟು ಸೆಕೆಂಡು ದನಿ ಹೋಯಿತು ಅನ್ನುವುದನ್ನು ಊರಿನ ಹೆಸರಿನ ಸಮೇತ ಬರೆದು, ಕಲಬುರಗಿ ಸ್ಟೇಷನ್ನಿನಿಂದಲೇ ಓದಿ ಹೇಳಲಿ.